ವಿಮಾನದ ಮೇಷ್ಟ್ರಾಗಲು ಬೇಕಾದ ಅರ್ಹತೆಗಳು

ನೆಲದ ಮೇಲೆ ಕೂತು ಆಕಾಶ ಕಲಿಸುವವರ ಮನೆಯಲ್ಲಿ ನಗುವಂಥ ಸಂಗತಿಗಳಿಗೆ ಯಾರೂ ಕಾಯಬೇಕಾಗಿಲ್ಲ, ಅವು ತಾವಾಗಿಯೇ ನಡೆಯುತ್ತಿರುತ್ತವೆ. ಕಲ್ಕತ್ತೆಯ ದಮ್‌ದಮ್ ಕಡೆಯ ಈ ಮನೆಗೆ ಬಂದು ಎಷ್ಟು ವರ್ಷವಾಯಿತೆಂದು ಎಣಿಸುವುದನ್ನು ನಾನು ಬಿಟ್ಟಿದ್ದೇನೆ. ವಿಮಾನಗಳು ನಮ್ಮ ತಾರಸಿಯನ್ನು ಸವರಿಕೊಂಡೇ ಇಳಿಯುತ್ತವೆ. ಪ್ರತಿ ಸಲವೂ ನನಗೆ ಒಂದು ರಾಗಿ ಬುಟ್ಟಿ, ಒಂದು ಗಾಡಿಚಕ್ರ, ಒಂದು ಹಿತ್ತಾಳೆ ತಟ್ಟೆ ನೆನಪಾಗಿ ನಗು ಬರುತ್ತದೆ. ಪಕ್ಕದ ಮನೆಯ ಬಂಗಾಳಿ ಹೆಂಗಸು ಯಾಕೆ ನಗುತ್ತೀರಿ ಎಂದು ಕೇಳುತ್ತಾಳೆ. ಬಂಗಾಳಿ ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಗುಂಡ್ಲುಪೇಟೆಯ ಪಟೇಲರ ಮಾತಿಗೆ ಎಷ್ಟು ತೂಕವಿತ್ತೆಂದು ಬಂಗಾಳಿಯಲ್ಲಿ ಹೇಳಲು ಹೋದರೆ ತೂಕ ಉಳಿಯುತ್ತದೆ, ನಗು ಉಳಿಯುವುದಿಲ್ಲ. ಅದಕ್ಕೇ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ.

೧. ಕಲ್ಕತ್ತೆಯ ಕಾಗದ

ನಾನು ಹಂಗಳದವಳು. ಐವತ್ತರ ದಶಕದ ಮೊದಮೊದಲಲ್ಲಿ ಗುಂಡ್ಲುಪೇಟೆಯ ವ್ಯಾಪಾರಸ್ಥರ ಮನೆಗೆ ಸೊಸೆಯಾಗಿ ಬಂದೆ. ಮಾವನವರಿಗೆ ಚಾಮರಾಜನಗರದಲ್ಲಿ ಅರಿಶಿನದ ಮಂಡಿ. ಬಸ್ಸಿನಲ್ಲಿ ಹೋಗಿ ಬಂದು ಮಾಡುತ್ತಿದ್ದರು. ಒಂದು ಹಿಡಿ ಅರಿಶಿನದ ಕೊಂಬನ್ನು ಅಂಗೈಯಲ್ಲಿ ಕುಲುಕಿ ಇಷ್ಟು ತೂಕ ಎಂದರೆ, ಆಮೇಲೆ ತಕ್ಕಡಿಯೂ ಅಷ್ಟೇ ಹೇಳುತ್ತಿತ್ತು. ಅವರ ಕೈ ತಪ್ಪಿದ್ದನ್ನು ನೋಡಿದವರು ಯಾರೂ ಇರಲಿಲ್ಲ.

ಅವರ ಒಬ್ಬನೇ ಮಗ ನಮ್ಮ ಮನೆಯವರು. ಯುದ್ಧದ ಕಾಲದಲ್ಲಿ ವಾಯುಪಡೆ ಸೇರಿ, ಅಲ್ಲಿ ಒಂದು ವಿಚಿತ್ರವಾದ ಪೆಟ್ಟಿಗೆಯ ರಿಪೇರಿ ಕಲಿತಿದ್ದರು. ಅದು ಹಾರದ ವಿಮಾನ. ಮರದ ಪೆಟ್ಟಿಗೆಗೆ ಎರಡು ಮೊಂಡು ರೆಕ್ಕೆ. ನಿಂತಲ್ಲೇ ತಿರುಗುತ್ತದೆ, ವಾಲುತ್ತದೆ. ಕಲಿಯುವವನನ್ನು ಒಳಗೆ ಕೂರಿಸಿ ಮೇಲೆ ಮುಚ್ಚಳ ಹಾಕಿಬಿಟ್ಟರೆ ಅವನಿಗೆ ಹೊರಗಿನದು ಏನೂ ಕಾಣುವುದಿಲ್ಲ. ಎದುರಿಗಿರುವ ಮುಳ್ಳುಗಳನ್ನು ನೋಡಿಕೊಂಡೇ ಅವನು ಹಾರಬೇಕು, ಅಂದರೆ ಹಾರಿದೆ ಎಂದುಕೊಳ್ಳಬೇಕು. ಯುದ್ಧ ಮುಗಿದ ಮೇಲೆ ಇವರು ನಿಜವಾದ ವಿಮಾನ ಹಾರಿಸುವುದನ್ನೂ ಕಲಿತು, ಪರವಾನಗಿ ಪಡೆದು, ಎರಡು ವರ್ಷ ಸರಕಿನ ವಿಮಾನದಲ್ಲಿ ಎರಡನೇ ಪೈಲಟ್ಟಾಗಿದ್ದರು. ಆಮೇಲೆ ಒಂದು ಕಿವಿ ಕೆಟ್ಟಿತು. ಡಾಕ್ಟರು ಇನ್ನು ಹಾರುವಂತಿಲ್ಲ ಎಂದುಬಿಟ್ಟರು. ಊರಿಗೆ ಬಂದರು, ಮದುವೆಯಾದರು, ಕಲ್ಕತ್ತೆಯ ಒಂದು ವಿಮಾನ ಕಂಪನಿಗೆ ಅರ್ಜಿ ಹಾಕಿಕೊಂಡು ಕೂತರು. ಅದರ ಉತ್ತರ ಬಂದ ದಿನ ಅಂಚೆ ಮಾಸ್ತರು ತಾವೇ ಲಕೋಟೆ ಹಿಡಿದುಕೊಂಡು ಬಂದರು. ಒಡೆದು ಓದುವವರೆಗೂ ಜಗಲಿ ಬಿಟ್ಟು ಏಳಲಿಲ್ಲ.

ಇವರು ಓದಿ ಅಪ್ಪನಿಗೆ ಕನ್ನಡದಲ್ಲಿ ಹೇಳಿದರು. ಕಂಪನಿಯವರು ಪೈಲಟ್ಟುಗಳಿಗೆ ನೆಲದ ಮೇಲೆ ಪಾಠ ಹೇಳುವ ಶಾಲೆ ನಡೆಸುತ್ತಾರೆ. ಅಲ್ಲಿ ಮೇಷ್ಟ್ರಾಗಲು ಮೂರು ಅರ್ಹತೆ ಬೇಕು. ಒಂದು, ಗಾಳಿ, ಮೋಡ, ಎಂಜಿನ್ನು, ನಕ್ಷೆ, ರೇಡಿಯೋ ಇವುಗಳ ಪರೀಕ್ಷೆ ಪಾಸಾಗಿ, ವಿಮಾನವನ್ನೂ ಹಾರಿಸಿರಬೇಕು. ಎರಡು, ದೊಡ್ಡವರಿಗೆ ನಲವತ್ತು ಗಂಟೆಯಾದರೂ ಪಾಠ ಮಾಡಿದ್ದಾನೆಂದು ಹೊಣೆಯುಳ್ಳ ಅಧಿಕಾರಿಯೊಬ್ಬರು ನೋಡಿ ರುಜು ಹಾಕಿರಬೇಕು. ಮೂರು, ಇದರ ಗಂಧವೇ ಇಲ್ಲದ ಒಬ್ಬರನ್ನು ತಾನೇ ಕರೆತಂದು ಬೆಂಗಳೂರಿನಲ್ಲಿ ಪರೀಕ್ಷಕರ ಎದುರಿಗೆ ಅರ್ಧ ಗಂಟೆಯಲ್ಲಿ ಒಂದು ವಿಷಯ ಕಲಿಸಿ ತೋರಿಸಬೇಕು.

ಬಾಗಿಲ ಹಿಂದೆ ನಿಂತಿದ್ದ ನಾನು ದಂಗಾಗಿದ್ದೆ. ಮೋಡಕ್ಕೂ ಪರೀಕ್ಷೆ ಇರುತ್ತದೆಂದು ಅದುವರೆಗೆ ನನಗೆ ಗೊತ್ತಿರಲಿಲ್ಲ. ಹಂಗಳದಲ್ಲಿ ದಿನಾ ಬೆಳಗ್ಗೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮೋಡ ನೋಡಿ ಬೆಳೆದವಳು ನಾನು. ಅದನ್ನು ಪಾಸು ಮಾಡಿದವರು ನನ್ನ ಗಂಡ.

ಮಾವ ಕೇಳಿದರು: "ಅಂದ್ರೆ ನೀನು ಮ್ಯಾಲಕ್ಕೆ ಓಗಲ್ಲ."

"ಇಲ್ಲಪ್ಪ."

"ನೆಲದ ಮ್ಯಾಲೇ ಕೂತ್ಕಂಡು ಹಾರೋದು ಹೇಳ್ಕೊಡ್ತೀಯ."

"ಹೌದಪ್ಪ."

"ಹಂಗಾದ್ರೆ ಕಲ್ಕತ್ತಾಗ್ಯಾಕ್ಲಾ ಓಗ್ಬೇಕು? ನೆಲ ಇಲ್ಲೂ ಅದೆ."

ಕೊನೆಗೆ ಮಾವ ಗಡುವು ಕೊಟ್ಟರು. ದೀಪಾವಳಿಯೊಳಗೆ ಕೆಲಸ ಸಿಕ್ಕಿದರೆ ಹೋಗಲಿ. ಇಲ್ಲದಿದ್ದರೆ ಮಂಡಿಯಲ್ಲಿ ಕೂರಲಿ, ಮತ್ತೆ ಈ ಮಾತು ಎತ್ತಬಾರದು. ಇವರು ಒಪ್ಪಿದರು. ಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂಚೆ ಮಾಸ್ತರಿಗೆ ಹೇಳಿದರು: "ಗಾಳಿ ಯಾವಾಗ ಏಳ್ತದೆ, ಮೋಡ ಯಾವಾಗ ಏಳ್ತದೆ, ಎಲ್ಲಾ ಗೊತ್ತು ಇವನಿಗೆ. ತಾನು ಯಾವಾಗ ಏಳ್ಬೇಕು ಅನ್ನೋದೊಂದು ಗೊತ್ತಿಲ್ಲ."

೨. ಪಟ್ಟಿ

ಪಾಠ ಹೇಳುವ ಅಭ್ಯಾಸ ಮೊದಲು ಅಡುಗೆಮನೆಯಲ್ಲೇ ಶುರುವಾಯಿತು. ವಿಮಾನ ಹೊರಡುವ ಮುಂಚೆ ಒಬ್ಬ ಪೈಲಟ್ಟು ಒಂದು ಪಟ್ಟಿ ಓದುತ್ತಾನಂತೆ. ಇನ್ನೊಬ್ಬ ಪ್ರತಿ ಸಾಮಾನನ್ನೂ ಕೈಯಿಂದ ಮುಟ್ಟಿ ನೋಡಿ "ಇದೆ" ಎನ್ನಬೇಕಂತೆ. ಮುಟ್ಟದೆ "ಇದೆ" ಎನ್ನುವ ಹಾಗಿಲ್ಲ. ಇವರು ಅತ್ತೆಗೂ ನನಗೂ ಹಾಗೇ ಒಂದು ಪಟ್ಟಿ ಬರೆದುಕೊಟ್ಟರು. ನಾನು ಓದುವುದು, ಅತ್ತೆ ಮುಟ್ಟಿ ಹೇಳುವುದು.

"ಸೌದೆ?"

"ಅದೆ."

"ಬೆಂಕಿಪೊಟ್ಣ?"

"ಅದೆ."

"ರಾಗಿ ಹಿಟ್ಟು?"

"ಅದೆ ಕಣಮ್ಮಿ, ಕಣ್ಣಿಗೆ ಕಾಣಲ್ವಾ?"

"ಮುಟ್ಟಿ ಹೇಳ್ಬೇಕು ಅತ್ತೆ."

ಮೊದಲು ನಕ್ಕ ಅತ್ತೆಗೆ ನಾಲ್ಕೇ ದಿನದಲ್ಲಿ ಅದರ ರುಚಿ ಹತ್ತಿತು. ಮುದ್ದೆ ತಿರುವಲು ಕೂತ ಮೇಲೆ ಕೋಲು ಹುಡುಕುವುದು, ಒಲೆ ಉರಿಯುವಾಗ ಉಪ್ಪಿಗೆ ಓಡುವುದು ಎಲ್ಲ ನಿಂತುಹೋಯಿತು. ನಾನು ಪಟ್ಟಿ ಮರೆತರೆ ಅವರೇ ಕೈ ಕಟ್ಟಿಕೊಂಡು ನಿಂತುಬಿಡುತ್ತಿದ್ದರು.

ಹೀಗಿರುವಾಗ ಹಂಗಳದಿಂದ ನನ್ನ ಅಪ್ಪ ಅಮ್ಮ ಬಂದರು. ಬೀಗರು ಬಂದಿದ್ದಾರೆಂದು ಅತ್ತೆ ಪಟ್ಟಿಯನ್ನು ಎರಡು ಸಲ ಓದಿಸಿದರು. ಎಲ್ಲ ಇತ್ತು. ಎಲೆ ಹಾಕಿದೆವು. ಆವಿಯಾಡುವ ಮುದ್ದೆ ಬಡಿಸಿದೆವು. ನನ್ನ ಅಪ್ಪ ಮುದ್ದೆ ಮುರಿದು ಗುಳಿ ಮಾಡಿಕೊಂಡು ಕಾದರು. ಮಾವನೂ ಕಾದರು. ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಇಬ್ಬರೂ ಸಾರು ಮಾಡಿರಲಿಲ್ಲ.

"ಪಟ್ಟೀಲಿ ಇರ್ಲಿಲ್ಲ," ಎಂದರು ಅತ್ತೆ.

ಮಾವ ಮಗನ ಕಡೆ ತಿರುಗಿದರು: "ನಿನ್ನ ಕಿವಿ ಯಾಕ್ಲಾ ಕೆಟ್ಟಿದ್ದು ಅಂತ ಈಗ ಗೊತ್ತಾಯ್ತು. ಪಟ್ಟೀಲಿ ಕಿವಿ ಬರ್ಕೊಂಡಿಲ್ಲ ನೀನು."

ಇವರು ಸಿಟ್ಟಾಗಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು ಪಟ್ಟಿಯ ಕೊನೆಗೆ "ಸಾರು" ಎಂದು ಬರೆದರು. ವಿಮಾನದ ಪಟ್ಟಿಯಲ್ಲಿರುವ ಒಂದೊಂದು ಸಾಲೂ ಯಾರೋ ಒಬ್ಬರು ಯಾವತ್ತೋ ಮರೆತಿದ್ದಕ್ಕೇ ಬಂದದ್ದು ಎಂದು ಆಮೇಲೆ ನನಗೆ ಹೇಳಿದರು. ಅಷ್ಟು ಉದ್ದದ ಪಟ್ಟಿ, ಅಷ್ಟು ಜನ ಮರೆತವರು.

ಇದನ್ನು ಅತ್ತೆಗೆ ಹೇಳಿದೆ. ಅವರು ಅಂದರು: "ಹಂಗಾದ್ರೆ ಆ ಸಾಲಿನ ಮುಂದೆ ನಿಮ್ಮಪ್ಪನ ಹೆಸರು ಬರೀ ಅನ್ನು. ಮಜ್ಜಿಗೇಲಿ ಮುದ್ದೆ ತಿಂದ್ಕಂಡು ಓದ್ರು, ಪಾಪ."

೩. ಪಟೇಲರು ತಿರುಗಿದ್ದು

ಮೊದಲನೇ ಅರ್ಹತೆ ಇವರಿಗೆ ಆಗಲೇ ಇತ್ತು. ಎರಡನೇ ಅರ್ಹತೆಗೆ ಅಮಲ್ದಾರರ ರುಜು ಬೇಕಾಗಿತ್ತು. ಅಮಲ್ದಾರರೆಂದರೆ ತಾಲ್ಲೂಕಿಗೇ ದೊಡ್ಡ ಅಧಿಕಾರಿ. ಅವರು ಅಂದರಂತೆ: "ಪಾಠ ಮಾಡದೆ ಪಾಠ ಮಾಡಿದ್ದೀರಿ ಅಂತ ನಾನು ಬರೆಯೋದಿಲ್ಲ. ನಲವತ್ತು ಗಂಟೆ ಮಾಡಿ. ಕೊನೇ ದಿನ ನಾನೇ ಬಂದು ನೋಡ್ತೀನಿ."

ಹಾಗಾಗಿ ದಿನಾ ಸಂಜೆ ಮಕ್ಕಳು ಮನೆಗೆ ಹೋದ ಮೇಲೆ ಶಾಲೆಯ ಜಗಲಿಯಲ್ಲಿ ಪಾಠ. ಬಂದವರು ಪಟೇಲರು, ಬಡಗಿ, ಶಾಲೆಯ ಮೇಷ್ಟ್ರು, ತೆರಕಣಾಂಬಿಯಿಂದ ಗುಂಡ್ಲುಪೇಟೆಗೆ ಸಾಮಾನು ಹೊಡೆಯುವ ಒಬ್ಬ ಮುದುಕ ಗಾಡಿಯವರು, ಮತ್ತೆ ಏಳೆಂಟು ಜನ ರೈತರು. ಬಾರದವರು ಮಾವ ಒಬ್ಬರೇ. ಆ ಹೊತ್ತಿಗೆ ಸರಿಯಾಗಿ ಅವರಿಗೆ ಚಾಮರಾಜನಗರದಲ್ಲಿ ಏನಾದರೂ ಕೆಲಸ ಬರುತ್ತಿತ್ತು. ನಾನು ಅತ್ತೆಯ ಜೊತೆ ಕೋಣೆಯೊಳಗೆ ಕಿಟಕಿಯ ಪಕ್ಕ ಕೂತು ಹಾಜರಿ ಬರೆಯುತ್ತಿದ್ದೆ.

ಮೊದಲ ಪಾಠ ಇದು. ಮೋಡದೊಳಗೆ ಹೊಕ್ಕವನಿಗೆ ಮೇಲೆ ಯಾವುದು, ಕೆಳಗೆ ಯಾವುದು, ಎಡ ಯಾವುದು ತಿಳಿಯುವುದಿಲ್ಲ, ಅವನ ಮೈಯೇ ಅವನಿಗೆ ಸುಳ್ಳು ಹೇಳುತ್ತದೆ. ಇದನ್ನು ತೋರಿಸಲು ಇವರು ಬಡಗಿಯ ಕೈಲಿ ಹಳೇ ಗಾಡಿಯ ಅಚ್ಚನ್ನು ನೆಲದಲ್ಲಿ ನೆಟ್ಟಗೆ ಹೂಳಿಸಿ, ಅದರ ಮೇಲೆ ಚಕ್ರವನ್ನು ಮಲಗಿಸಿ, ಹರಳೆಣ್ಣೆ ಹಾಕಿ, ಒಂದು ಮಣೆ ಕಟ್ಟಿಸಿದ್ದರು. ಅದರ ಮೇಲೆ ಕಣ್ಣು ಕಟ್ಟಿ ಕೂರಿಸಿ ಒಂದೇ ಸಮನೆ ತಿರುಗಿಸಿದರೆ ಸ್ವಲ್ಪ ಹೊತ್ತಿಗೆ ತಿರುಗುವುದೇ ತಿಳಿಯುವುದಿಲ್ಲ. ಚಕ್ರ ನಿಂತಾಗ ಮಾತ್ರ ಎದುರು ದಿಕ್ಕಿಗೆ ತಿರುಗುತ್ತಿರುವ ಹಾಗೆ ಅನ್ನಿಸುತ್ತದೆ.

ಮೊದಲು ಕೂರುವ ಮರ್ಯಾದೆ ಯಾರದು ಎಂಬ ಪ್ರಶ್ನೆಯೇ ಬರಲಿಲ್ಲ. ಪಟೇಲರು ಪಂಚೆ ಕಟ್ಟಿಕೊಂಡು ಕೂತರು. ಬಡಗಿ ಬಲಕ್ಕೆ ತಿರುಗಿಸಿದ. ಹದಿನೈದಿಪ್ಪತ್ತು ಸುತ್ತಾಯಿತು. ನಿಲ್ಲಿಸಿದ.

"ಪಟೇಲರೇ, ಈಗ ಏನಾಗ್ತಾ ಇದೆ?" ಎಂದು ಇವರು ಕೇಳಿದರು.

"ಎಡಕ್ಕೆ ತಿರುಗ್ತಾ ಇವ್ನಿ. ಬಿರ್ರನೆ."

ಇವರಿಗೆ ಸಂತೋಷವಾಯಿತು. ಪಾಠ ಹಿಡಿಯಿತು ಎಂದುಕೊಂಡು ಎಲ್ಲರ ಕಡೆ ತಿರುಗಿ, "ನೀವೇ ಹೇಳಿ, ಪಟೇಲರು ತಿರುಗ್ತಾ ಇದ್ದಾರಾ?" ಎಂದರು.

ಯಾರೂ ಬಾಯಿ ಬಿಡಲಿಲ್ಲ. ನಮ್ಮೂರಲ್ಲಿ ಜಮೀನಿನ ಬದು ಎಲ್ಲಿ ಬರುತ್ತದೆ ಎನ್ನುವುದರಿಂದ ಹಿಡಿದು ಮಳೆ ಬಂತೋ ಇಲ್ಲವೋ ಎನ್ನುವವರೆಗೆ ಪಟೇಲರು ಹೇಳಿದ ಮೇಲೆ ಇನ್ನೊಂದು ಮಾತಿರಲಿಲ್ಲ. ಇವರು ಬಡಗಿಯನ್ನೇ ಕೇಳಿದರು. ಬಡಗಿ ಚಕ್ರವನ್ನು ಕೈಯಲ್ಲಿ ಹಿಡಿದು ನಿಂತಿದ್ದ. "ಪಟೇಲ್ರು ತಿರುಗ್ತಾವ್ರೆ ಅಂದ ಮ್ಯಾಲೆ ತಿರುಗ್ತಾ ಇರ್ಬೇಕು ಬುದ್ಧಿ," ಎಂದ.

"ಚಕ್ರ ನಿನ್ನ ಕೈಲೇ ಇದೆಯಲ್ಲಯ್ಯ."

ಬಡಗಿ ಕೈ ನೋಡಿಕೊಂಡ. ಪಟೇಲರನ್ನು ನೋಡಿದ. ಆಗ ಗಾಡಿಯ ತಾತ ಬಾಯಿಂದ ಎಲೆಯಡಿಕೆ ತೆಗೆದು ಎರಡು ಕಡೆಗೂ ನೋವಾಗದ ಹಾಗೆ ತೀರ್ಪು ಕೊಟ್ಟರು: "ಚಕ್ರ ನಿಂತದೆ ಬುದ್ಧಿ. ಪಟೇಲ್ರು ತಿರುಗ್ತಾವ್ರೆ."

ಇವರು ನೋಟುಪುಸ್ತಕ ತೆಗೆದು ಅದನ್ನು ಬರೆದುಕೊಂಡರು. ಇದಕ್ಕಿಂತ ಸರಿಯಾಗಿ ಆ ಪಾಠವನ್ನು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಬರೆದಿಲ್ಲ ಎಂದು ಮನೆಗೆ ಬಂದು ಹೇಳಿದರು.

೪. ಬುಟ್ಟಿ ವಿಮಾನ

ಹಾರದ ವಿಮಾನವನ್ನು ಇವರು ಗುಂಡ್ಲುಪೇಟೆಯಲ್ಲೇ ಕಟ್ಟಿದರು. ರಾಗಿ ತುಂಬುವ ದೊಡ್ಡ ಬಿದಿರಿನ ಬುಟ್ಟಿ, ಅದಕ್ಕೊಂದು ಮುಚ್ಚಳ. ಒಳಗೆ ಒಂದು ಮಣೆ, ಒಂದು ಟಾರ್ಚು. ಎದುರಿಗೆ ರಟ್ಟಿನ ಮೇಲೆ ಬರೆದ ನಾಲ್ಕು ಗಡಿಯಾರದಂಥ ಮುಖಗಳು, ಅವಕ್ಕೆ ತಗಡಿನ ಮುಳ್ಳುಗಳು. ಹಿಡಿಯಲು ಒಂದು ಕೋಲು. ಕೋಲಿನ ಇನ್ನೊಂದು ತುದಿ ಬುಟ್ಟಿಯಿಂದ ಹೊರಗೆ ಚಾಚಿಕೊಂಡಿತ್ತು. ಅದು ಎತ್ತ ಸರಿಯಿತೆಂದು ನೋಡಿಕೊಂಡು ಇವರು ಹೊರಗಿನಿಂದ ದಾರ ಎಳೆದು ಮುಳ್ಳು ತಿರುಗಿಸುತ್ತಿದ್ದರು. ನಡುವೆ ಗಾಳಿ ಬೀಸಿತೆಂದು ತಾವೇ ಒಂದು ಸಲ ಮುಳ್ಳನ್ನು ಅಲ್ಲಾಡಿಸುವರು. ಒಳಗಿದ್ದವನು ತಪ್ಪು ಮಾಡುತ್ತ ಹೋಗಿ ಮುಳ್ಳು ತಳ ಮುಟ್ಟಿತೋ, ವಿಮಾನ ನೆಲಕ್ಕೆ ಬಿತ್ತು ಎಂದು ಲೆಕ್ಕ. ಆಗ ನಾನು ಕಿಟಕಿಯೊಳಗಿಂದ ಹಿತ್ತಾಳೆ ತಟ್ಟೆ ಬಾರಿಸಬೇಕು. ಅದನ್ನೂ ಇವರು ಪಟ್ಟಿಯಲ್ಲಿ ಬರೆದಿದ್ದರು: ಬಿದ್ದರೆ ತಟ್ಟೆ.

ಮೊದಲ ವಾರವೆಲ್ಲ ನನ್ನ ಕೈಗೆ ಬಿಡುವಿರಲಿಲ್ಲ. ಬಡಗಿ ಬಿದ್ದ. ಶಾಲೆಯ ಮೇಷ್ಟ್ರು ಪುಸ್ತಕ ಓದಿಕೊಂಡು ಬಂದು ಬಿದ್ದರು. ಪಟೇಲರು ನಾಲ್ಕು ಸಲ ಬಿದ್ದು, ಐದನೇ ಸಲ "ಗಾಳಿ ಜಾಸ್ತಿ ಬುಟ್ಟೆ ನೀನು" ಎಂದು ಇವರ ಮೇಲೆಯೇ ತಪ್ಪು ಹೊರಿಸಿದರು. ಮುಳ್ಳು ಸ್ವಲ್ಪ ಅಲ್ಲಾಡಿದರೆ ಸಾಕು, ಎಲ್ಲರೂ ಗಾಬರಿಯಾಗಿ ಕೋಲನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಜಗ್ಗುವರು. ನಿಜವಾದ ವಿಮಾನವನ್ನು ಒಮ್ಮೆ ಹದಕ್ಕೆ ತಂದು ಬಿಟ್ಟರೆ ಸಣ್ಣ ಗಾಳಿಗೆ ಅಲ್ಲಾಡಿ ತಾನೇ ಸರಿಹೋಗುತ್ತದಂತೆ. ಜಗ್ಗುವವರೇ ಕೆಡಿಸುವುದಂತೆ. ಅದನ್ನು ಎಷ್ಟು ಹೇಳಿದರೂ ಯಾರ ಕೈಯೂ ಕೇಳಲಿಲ್ಲ.

ಕೊನೆಗೆ ಗಾಡಿಯ ತಾತ ಒಳಗೆ ಹೋದರು. ಮುಚ್ಚಳ ಹಾಕಿದರು. ಇವರು ಗಾಳಿ ಬೀಸಿದರು, ಕೋಲು ಅಲ್ಲಾಡಲಿಲ್ಲ. ಇನ್ನೂ ಜೋರಾಗಿ ಬೀಸಿದರು, ಕೋಲು ಅಲ್ಲಾಡಲಿಲ್ಲ. ಹತ್ತು ನಿಮಿಷವಾಯಿತು. ನನ್ನ ತಟ್ಟೆ ಸುಮ್ಮನಿತ್ತು. ಜಗಲಿಯಲ್ಲಿದ್ದವರೆಲ್ಲ ಎದ್ದು ನಿಂತರು. ಪಟೇಲರೂ ನಿಂತರು. ಇವರ ಮುಖದಲ್ಲಿ ಆವತ್ತು ಕಂಡ ಭಕ್ತಿಯನ್ನು ನಾನು ದೇವಸ್ಥಾನದಲ್ಲೂ ಕಂಡಿಲ್ಲ.

ಮುಚ್ಚಳ ತೆಗೆದು ನೋಡಿದರೆ ತಾತ ನಿದ್ದೆ ಮಾಡುತ್ತಿದ್ದರು.

ಎಬ್ಬಿಸಿ ಕೇಳಿದ್ದಕ್ಕೆ ಕಣ್ಣುಜ್ಜಿಕೊಂಡು ಹೇಳಿದರು: "ತೆರಕಣಾಂಬಿ ದಾಟಿದ ಮ್ಯಾಲೆ ನಾನು ದಿನಾ ಮಲಗೋದೇ ಬುದ್ಧಿ. ಎತ್ತಿಗೆ ದಾರಿ ಗೊತ್ತು. ಮಧ್ಯ ನಾನ್ಯಾಕೆ ಕೈ ಆಡ್ಸಿ ಅದರ ಬುದ್ಧಿ ಕೆಡಿಸ್ಲಿ?"

೫. ಅಮಲ್ದಾರರು ಬಿದ್ದದ್ದು

ನಲವತ್ತನೇ ಗಂಟೆಯ ದಿನ ಅಮಲ್ದಾರರು ಬಂದರು. ಕುರ್ಚಿ ಹಾಕಿದ್ದೆವು, ಕೂರಲಿಲ್ಲ. ನೇರವಾಗಿ ಬುಟ್ಟಿಯ ಹತ್ತಿರ ಹೋಗಿ, "ನಾನೇ ಕೂತು ನೋಡ್ತೀನಿ. ಜೀಪು ಓಡಿಸಿದ ಕೈ ಇದು," ಎಂದು ಒಳಗಿಳಿದರು. ಟೋಪಿಯನ್ನು ಹೊರಗೆ ಕೊಟ್ಟರು.

ಜೀಪಿನ ಹಾಗೇ ಓಡಿಸಿದರು. ಗಾಳಿ ಬೀಸಿದ್ದೇ ತಡ, ಕೋಲು ಬುಟ್ಟಿಯ ಬಿದಿರಿಗೆ ಬಡಿಯಿತು. ಇವರು ದಾರ ಎಳೆದರು, ಅವರು ಜಗ್ಗಿದರು, ಮುಳ್ಳು ಗಿರ್ರನೆ ಇಳಿದು ತಳ ಮುಟ್ಟಿತು.

ಇವರು ಕಿಟಕಿಯ ಕಡೆ ನೋಡಿದರು.

ನನ್ನ ಕೈಯಲ್ಲಿ ತಟ್ಟೆ. ಜಗಲಿಯ ತುಂಬ ಜನ ಕೂತಿದ್ದರು. ಪಟೇಲರು ಬೇಡ ಬೇಡ ಎಂದು ತಲೆಯಾಡಿಸುತ್ತಿದ್ದರು. ರುಜು ಹಾಕಬೇಕಾದ ಕೈ ಬುಟ್ಟಿಯೊಳಗಿತ್ತು. ಆ ರುಜು ಇಲ್ಲದಿದ್ದರೆ ಕಲ್ಕತ್ತೆ ಇಲ್ಲ, ದೀಪಾವಳಿಗೆ ಇನ್ನು ಒಂದೇ ತಿಂಗಳು. ಇವರು ಮತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು, ಹೊಡಿ ಎನ್ನುವ ಹಾಗೆ. ನನಗೆ ಕೈ ಏಳಲಿಲ್ಲ. ಅತ್ತೆ ನನ್ನ ಕಿವಿಯಲ್ಲಿ ಮೆಲ್ಲಗೆ ಅಂದರು: "ಪಟ್ಟೀಲಿ ಅದೆ. ಹೊಡಿ ಕಣಮ್ಮಿ."

ಹೊಡೆದೆ. ಅಷ್ಟು ಜೋರಾಗಿ ಹೊಡೆಯಬೇಕೆಂದು ಇರಲಿಲ್ಲ.

ಬುಟ್ಟಿಯಿಂದ ಅಮಲ್ದಾರರ ತಲೆ ಮೇಲೆ ಬಂತು. "ಏನು ಶಬ್ದ ಅದು?"

"ತಾವು ನೆಲಕ್ಕೆ ಬಿದ್ದಿರಿ ಸ್ವಾಮಿ," ಎಂದರು ಇವರು.

"ನಾನು ಬಿದ್ದೆನೇ?"

"ಹೌದು ಸ್ವಾಮಿ. ವಿಮಾನ ಹೋಯಿತು."

ಅಮಲ್ದಾರರು ಬುಟ್ಟಿಯಿಂದ ಹೊರಬಂದು, ಟೋಪಿ ಹಾಕಿಕೊಂಡು, ಕಾಗದ ಕೇಳಿದರು. ಕುರ್ಚಿಯ ಕೈ ಮೇಲೆ ಇಟ್ಟುಕೊಂಡು ರುಜು ಮಾಡುತ್ತ ಹೇಳಿದರು: "ಈ ತಾಲ್ಲೂಕಿಗೆ ಬಂದಾಗಿನಿಂದ ನಾನು ಮಾಡಿದ್ದು ತಪ್ಪು ಅಂತ ಹೇಳಿದವರು ಯಾರೂ ಇಲ್ಲ. ನಿಮಗೆ ಸರ್ಕಾರಿ ಕೆಲಸ ಖಂಡಿತ ಸಿಕ್ಕೋದಿಲ್ಲ. ಈ ಕೆಲಸ ಸಿಕ್ಕಬಹುದು."

೬. ಏನೂ ತಿಳಿಯದವರು

ಉಳಿದದ್ದು ಮೂರನೇ ಅರ್ಹತೆ. ಏನೂ ತಿಳಿಯದ ಒಬ್ಬರನ್ನು ಬೆಂಗಳೂರಿಗೆ ಕರೆದೊಯ್ಯಬೇಕು. ಆಗ ಹೊಸ ತೊಡಕು ಬಂತು. ನಲವತ್ತು ಗಂಟೆಯಲ್ಲಿ ಊರಿಗೆಲ್ಲ ತಿಳಿದುಹೋಗಿತ್ತು. ಪಾಠಕ್ಕೆ ಬಾರದವರು ಬಂದವರಿಂದ ಕಲಿತಿದ್ದರು. ಕ್ಷೌರದ ಅಂಗಡಿಯಲ್ಲಿ ಮೋಡದ ಮಾತು, ಬಸ್ ಸ್ಟ್ಯಾಂಡಿನಲ್ಲಿ ಮುಳ್ಳಿನ ಮಾತು. ಯಾರನ್ನು ಕೇಳಿದರೂ "ಮೈ ನಂಬ್ಬಾರ್ದು, ಮುಳ್ಳು ನಂಬ್ಬೇಕು" ಎನ್ನುವರು. ಈ ವಿಷಯ ಬಂದರೆ ಎದ್ದು ಹೋಗುತ್ತಿದ್ದ ಒಬ್ಬರೇ ಒಬ್ಬರು ಊರಲ್ಲಿ ಉಳಿದಿದ್ದರು.

ಅವರನ್ನು ಕೇಳುವ ಧೈರ್ಯ ಇದ್ದದ್ದು ಅತ್ತೆಗೆ.

"ನಾನು ದಡ್ಡ ಅಂತ ಬೆಂಗಳೂರಲ್ಲಿ ತೋರ್ಸೋಕೆ ಕರ್ಕೊಂಡೋಗ್ತಾನಾ?" ಎಂದರು ಮಾವ.

"ಊರೆಲ್ಲ ಹುಡುಕುದ್ವಿ. ನಿಮ್ಮಷ್ಟು ತಿಳೀದೋರು ಇನ್ಯಾರೂ ಸಿಕ್ಲಿಲ್ಲ," ಎಂದರು ಅತ್ತೆ.

ಮಾವ ಒಪ್ಪಿದರು. ಆದರೆ ಮಗನಿಗೆ ಹೇಳಿಯೇ ಒಪ್ಪಿದರು: "ಕಲಿಯೋಕೆ ಬರ್ತಾ ಇಲ್ಲ ಕಣ್ಲಾ. ನಿನ್ನ ಕೈಲಿ ಕಲ್ಸೋಕಾಗಲ್ಲ ಅಂತ ತೋರ್ಸಿ, ನಿನ್ನನ್ನ ಮಂಡಿಗೆ ಕರ್ಕೊಂಡೋಗೋಕೆ ಬತ್ತಾ ಇವ್ನಿ."

ಬೆಂಗಳೂರಿನ ದಂಡಿನ ಕಡೆ ಒಂದು ಬಂಗಲೆ. ನಾನು ವರಾಂಡದ ಬೆಂಚಿನ ಮೇಲೆ ಬುತ್ತಿ ಹಿಡಿದು ಕೂತಿದ್ದೆ, ಬಾಗಿಲು ತೆರೆದಿತ್ತು. ಒಳಗೆ ಇಬ್ಬರು ಪರೀಕ್ಷಕರು. ಒಬ್ಬರು ಬಿಳಿ ಮೀಸೆಯ ಕ್ಯಾಪ್ಟನ್ನು, ಇನ್ನೊಬ್ಬರು ಕನ್ನಡ ಬಲ್ಲ ಅಧಿಕಾರಿ, ಕ್ಯಾಪ್ಟನ್ನಿಗೆ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಮಧ್ಯದಲ್ಲಿ ತಿರುಗುವ ಕುರ್ಚಿ, ಅದರ ಮೇಲೆ ಪೇಟ ಸುತ್ತಿಕೊಂಡು ಮಾವ. ಕುರ್ಚಿಯ ಬೆನ್ನಿಗೆ ಇವರು ಒಂದು ದಿಕ್ಸೂಚಿ ಕಟ್ಟಿದ್ದರು, ಕುರ್ಚಿ ತಿರುಗಿದರೆ ಅದರ ಮುಳ್ಳು ತಿರುಗುವ ಹಾಗೆ.

ಇವರು ಮೋಡದ ಮಾತು ಎತ್ತಲೇ ಇಲ್ಲ. "ಅಪ್ಪ, ನಿಮ್ಮ ಕೈ ಒಂದು ತೂಕ ಹೇಳುತ್ತೆ, ತಕ್ಕಡಿ ಇನ್ನೊಂದು ಹೇಳುತ್ತೆ ಅಂತ ಇಟ್ಕೊಳ್ಳಿ. ಯಾವುದನ್ನ ನಂಬ್ತೀರಿ?" ಎಂದರು.

"ಯಾರ ತಕ್ಕಡಿ?" ಎಂದರು ಮಾವ. "ಬ್ಯಾರೆಯವರ ತಕ್ಕಡಿ ಆದ್ರೆ ನನ್ನ ಕೈ. ನಾನೇ ಪರೀಕ್ಷೆ ಮಾಡಿಟ್ಟ ತಕ್ಕಡಿ ಆದ್ರೆ, ತಕ್ಕಡಿ."

"ವಿಮಾನದ ಮುಳ್ಳನ್ನ ಹೊರಡೋಕೆ ಮುಂಚೆ ದಿನಾ ಪರೀಕ್ಷೆ ಮಾಡ್ತಾರೆ ಅಪ್ಪ. ಅದು ನಿಮ್ಮ ತಕ್ಕಡಿ. ಕಣ್ಣು ಕಟ್ಟಿದ ಮೇಲೆ ನಿಮ್ಮ ಮೈ ಇದೆಯಲ್ಲ, ಅದೇ ಬೇರೆಯವರ ತಕ್ಕಡಿ."

ಇವರು ಶಲ್ಯದಿಂದ ಅವರ ಕಣ್ಣು ಕಟ್ಟಿ ಕುರ್ಚಿ ತಿರುಗಿಸಿದರು. ತುಂಬ ಹೊತ್ತು ತಿರುಗಿಸಿದರು. ನಿಲ್ಲಿಸಿದರು. "ಈಗ ಏನಾಗ್ತಾ ಇದೆ ಅಪ್ಪ?"

ನಾನು ಬೆಂಚಿನ ಅಂಚಿಗೆ ಬಂದೆ. ಜನ್ಮದಲ್ಲಿ ತನ್ನ ಕೈ ತಪ್ಪಿತು ಎನ್ನದ ಮನುಷ್ಯ ಅವರು. ತಿರುಗುತ್ತಿದ್ದೇನೆ ಎಂದು ಒಂದು ಮಾತು ಹೇಳಿದರೆ ಮಗ ಮಂಡಿಗೆ ಬರುತ್ತಾನೆ.

"ಎಡಕ್ಕೆ ತಿರುಗ್ತಾ ಇರೋ ಹಂಗೆ ಅದೆ," ಎಂದರು ಮಾವ. ಇವರ ಮುಖ ಇಳಿಯಿತು. ಮಾವ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡಿದ್ದರು. "ಮುಳ್ಳು ಏನಂತದೆ?"

"ಮುಳ್ಳು ನಿಂತಿದೆ ಅಪ್ಪ."

"ಹಂಗಾದ್ರೆ ನಾನೂ ನಿಂತಿವ್ನಿ."

ಕ್ಯಾಪ್ಟನ್ನು ಅಧಿಕಾರಿಯ ಮೂಲಕ ಕೇಳಿಸಿದರು, ನಿಮ್ಮ ಮಗನ ಪಾಠ ಹೇಗಿತ್ತು ಎಂದು. ಮಾವ ಪೇಟ ಸರಿಮಾಡಿಕೊಂಡು, "ಪಾಠ ಎಲ್ಲಿ ಮಾಡ್ದ? ತಕ್ಕಡಿ ವಿಷಯ ನಂಗೆ ಮೊದ್ಲೇ ಗೊತ್ತಿತ್ತು," ಎಂದರು. ಇವರು ನೆಲ ನೋಡಿದರು. ಎಲ್ಲ ಮುಗಿಯಿತು ಎಂದು ನನಗೂ ಅನ್ನಿಸಿತು. ಅಧಿಕಾರಿ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದಾಗ ಕ್ಯಾಪ್ಟನ್ನು ಮೀಸೆಯೆಲ್ಲ ಅಲ್ಲಾಡುವ ಹಾಗೆ ನಕ್ಕು ಏನೋ ಬರೆದರು. ಏನು ಬರೆದರೆಂದು ಅಧಿಕಾರಿಯೇ ನಮಗೆ ಹೇಳಿದರು: ಕಲಿತವನಿಗೆ ಕಲಿತದ್ದೇ ತಿಳಿಯದ ಹಾಗೆ ಕಲಿಸುತ್ತಾನೆ, ಇವನನ್ನು ಬಿಡಬೇಡಿ.

೭. ಮೈಸೂರು ಸ್ಟೇಷನ್

ದೀಪಾವಳಿಗೆ ಒಂದು ವಾರ ಮುಂಚೆ ಕೆಲಸದ ಕಾಗದ ಬಂತು. ಮಾವ ಅದನ್ನು ತಿರುಗಿಸಿ ನೋಡಿ, "ಪರೀಕ್ಷೆಗೆ ಕೂತೋನು ನಾನು. ಕಾಗದ ಇವನಿಗೆ ಬಂದದೆ," ಎಂದು ಹೇಳಿ ಮಂಡಿಗೆ ಹೋದರು. ಒಳ್ಳೆಯದೆಂದೂ ಅನ್ನಲಿಲ್ಲ, ಕೆಟ್ಟದ್ದೆಂದೂ ಅನ್ನಲಿಲ್ಲ. ಹೊರಡುವ ದಿನದವರೆಗೂ ಅಷ್ಟೇ.

ಹೊರಡುವ ಬೆಳಗ್ಗೆ ಅತ್ತೆಯೇ ಪಟ್ಟಿ ಬರೆಸಿ ಓದಿಸಿದರು. ಹಾಸಿಗೆ ಸುರುಳಿ, ಅದೆ. ರಾಗಿ ಹಿಟ್ಟು, ಅದೆ. ಉಪ್ಪಿನಕಾಯಿ ಜಾಡಿ, ಅದೆ. ಟಿಕೆಟ್ಟು ತೆಗೆಯಲು ಮಾವ ಚಾಮರಾಜನಗರಕ್ಕೆ ಮುಂಚೆಯೇ ಹೋಗಿದ್ದರಿಂದ ಆ ಒಂದು ಸಾಲಿಗೆ ಗುರುತು ಬೀಳಲಿಲ್ಲ. ಚಾಮರಾಜನಗರದ ಸ್ಟೇಷನ್ನಿನಲ್ಲಿ ಮಾವ ಬೆಂಗಳೂರಿನ ಎರಡು ಟಿಕೆಟ್ಟನ್ನು ಮಗನ ಕೈಗಿಟ್ಟು, ಮೈಸೂರಿನವರೆಗೆ ಬಿಟ್ಟುಬರುತ್ತೇನೆಂದು ತಾವೂ ಹತ್ತಿದರು.

ಮೈಸೂರಿನಲ್ಲಿ ಬೆಂಗಳೂರಿನ ರೈಲು ಹಿಡಿದೆವು. ಇವರು ಟ್ರಂಕು ಹಾಕಿಸಲು ಹಿಂದಿನ ಡಬ್ಬಿಗೆ ಹೋದರು. ಮಾವ ನನ್ನ ಎದುರಿಗೆ ಕೂತು, ಕಲ್ಕತ್ತೆಯಲ್ಲಿ ನೀರು ಕಾಯಿಸಿ ಕುಡಿ, ಅವನನ್ನು ಬೇಗ ಎಬ್ಬಿಸು ಎಂದು ಹೇಳುತ್ತಿದ್ದರು. ಅಷ್ಟರಲ್ಲಿ ಕಿಟಕಿಯಾಚೆ ಪಕ್ಕದ ರೈಲು ಹೊರಟಿತು. ಮಾವ ದಡಕ್ಕನೆ ಎದ್ದರು.

"ಒರಟ್ಬುಡ್ತು."

"ಇಲ್ಲ ಮಾವ, ಹೊರಟಿದ್ದು ಆ ರೈಲು. ನಮ್ಮದು ನಿಂತಿದೆ."

ಮಾವ ಕೂತರು. "ನೋಡು ಮತ್ತೆ. ಮೈ ಸುಳ್ಳು ಹೇಳ್ತದೆ," ಎಂದರು.

ಸ್ವಲ್ಪ ಹೊತ್ತಿಗೆ ನಮ್ಮ ರೈಲು ಹೊರಟಿತು. "ಮಾವ, ಈಗ ಹೊರಟಿತು, ಇಳೀಬೇಕು," ಎಂದೆ.

"ಸುಮ್ನೆ ಕೂತ್ಕಳಮ್ಮಿ. ಈಗ ತಾನೆ ನೀನೇ ಹೇಳ್ದೆ."

"ಪ್ಲಾಟ್‌ಫಾರಮ್ಮು ಹಿಂದೆ ಹೋಗ್ತಾ ಇದೆ ಮಾವ."

"ಹೋಗಂಗೆ ಕಾಣ್ತದೆ."

"ಮರ ಎಲ್ಲ ಓಡ್ತಾ ಇವೆ."

"ಮರ ಎಲ್ಲಾದ್ರೂ ಓಡ್ತದಾ? ಮುಳ್ಳು ಎಲ್ಲದೆ ಹೇಳು, ನೋಡ್ತೀನಿ."

ರೈಲಿನಲ್ಲಿ ಮುಳ್ಳು ಎಲ್ಲಿಂದ ತರಲಿ. ಅವರು ಶಲ್ಯ ಹೊದ್ದು ಕಿಟಕಿಗೆ ಒರಗಿ ಹಾಯಾಗಿ ಕೂತರು. ಶ್ರೀರಂಗಪಟ್ಟಣದಲ್ಲಿ ರೈಲು ನಿಂತಾಗ ಇವರು ಹಿಂದಿನ ಡಬ್ಬಿಯಿಂದ ಓಡಿಬಂದು ನೋಡಿದರೆ ಅಪ್ಪ ಕೂತಿದ್ದಾರೆ.

"ಅಪ್ಪ, ನೀವು ಇಳೀಲಿಲ್ಲವಾ?"

"ಒರಟಂಗೆ ಅನ್ನಿಸ್ತು ಕಣ್ಲಾ. ಅನ್ನಿಸಿದ್ದನ್ನ ನಂಬ್ಬೇಡ ಅಂತ ಕಲಿಸಿದೋನು ನೀನೇ ಅಲ್ವಾ?" ಎಂದರು ಮಾವ. ಆಮೇಲೆ ಹೊರಗೆ ನೋಡುತ್ತ, "ಕಲಿಸೋದೇನೋ ಚೆನ್ನಾಗೇ ಕಲಿಸ್ತೀಯ," ಎಂದರು. ಮಗನ ಬಗ್ಗೆ ಅವರ ಬಾಯಲ್ಲಿ ಅಂಥ ಮಾತು ನಾನು ಕೇಳಿದ್ದು ಅದೇ ಮೊದಲು.

ರೈಲು ಮತ್ತೆ ಹೊರಟಿತು. ಕಪ್ಪು ಕೋಟಿನ ಟಿಕೆಟ್ ಕಲೆಕ್ಟರು ಒಳಗೆ ಬಂದು ನಮ್ಮಿಬ್ಬರ ಟಿಕೆಟ್ಟಿಗೆ ತೂತು ಹಾಕಿ ಮಾವನ ಕಡೆ ತಿರುಗಿದರು. ಇವರು ಗಾಬರಿಯಿಂದ ಎದ್ದು, ನಮ್ಮ ತಂದೆಯವರು ಬಿಟ್ಟುಹೋಗಲು ಬಂದವರು, ವಯಸ್ಸಾಗಿದೆ, ಇಳಿಯುವುದು ಮರೆತರು, ದಂಡ ಎಷ್ಟಾದರೂ ಕಟ್ಟುತ್ತೇನೆ ಎಂದು ಶುರುಮಾಡಿದರು.

"ಟಿಕೆಟ್?" ಎಂದರು ಕಲೆಕ್ಟರು ಮಾವನಿಗೆ.

ಮಾವ ಸೊಂಟದ ಚೀಲಕ್ಕೆ ಕೈ ಹಾಕಿ, ಆ ಬೆಳಗ್ಗೆ ಚಾಮರಾಜನಗರದಲ್ಲಿ ನಮ್ಮದರ ಜೊತೆಗೇ ತೆಗೆದಿದ್ದ ಬೆಂಗಳೂರಿನ ಮೂರನೇ ಟಿಕೆಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡು ಹೇಳಿದರು:

"ಅದೆ."